ಅಕ್ಕೋರ ಕಡಾಯಿ

ಬೆಳಗಾವಿಯ ಈ ಮನೆಗೆ ನಾನು ಸೊಸೆಯಾಗಿ ಬಂದು ಮೂವತ್ತೆರಡು ವರ್ಷವಾದ ಮೇಲೆ ಇಲ್ಲಿಯ ಅಡುಗೆಮನೆಯೊಳಗೆ ಮೊದಲ ಸಲ ಮೊಟ್ಟೆ ಬಂತು. ತಂದವಳು ನಾನೇ. ಆರು ಮೊಟ್ಟೆಗಳನ್ನು ಹಳೆಯ ಪೇಪರಿನಲ್ಲಿ ಕಟ್ಟಿಸಿ, ಮೇಲೆ ಒಂದು ಸೂಡು ಕೊತ್ತಂಬರಿ ಹರಡಿ, ಓಣಿಯವರ ಕಣ್ಣು ತಪ್ಪಿಸಿ ತಂದೆ. ತಪ್ಪಿಸುವ ಅಗತ್ಯವೇನೂ ಇರಲಿಲ್ಲ. ಬೇಡ ಅನ್ನುತ್ತಿದ್ದ ಅತ್ತೆ ತೀರಿಕೊಂಡು ಆರು ವರ್ಷವಾಯಿತು. ಮನೆಯಲ್ಲಿರುವವರು ನಾನು ಮತ್ತು ನನ್ನ ಗಂಡ. ಅವರಿಗೂ ಮೊಟ್ಟೆಗೂ ಎಂಥ ಹಳೆಯ ಸ್ನೇಹ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಆದರೂ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ದೇವರ ಜಗಲಿಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ, ಕಿಟಕಿ ತೆರೆದಿಡು ಅಂದರು.

ಅದರ ಹಿಂದಿನ ದಿನ ನಾನು ಮಾಡಿದ ಕೆಲಸ ಹೇಳಿದರೆ ನೀವು ನಗುತ್ತೀರಿ. ಈ ಮೊಟ್ಟೆಗೆಂದೇ ಬಜಾರಕ್ಕೆ ಹೋಗಿ ಹೊಸ ಕಡಾಯಿ ತಂದಿದ್ದೆ. ಮನೆಯಲ್ಲಿ ಐದು ಕಡಾಯಿಗಳಿವೆ. ಇದನ್ನು ಅವುಗಳ ಜೊತೆ ಇಡುವುದು ಹೇಗೆ ಎಂದು ಹಿತ್ತಲ ಬಾಗಿಲ ಹೊರಗಿನ ಗೋಡೆಯಲ್ಲಿ ಒಂದು ಮೊಳೆ ಹುಡುಕುತ್ತಿದ್ದೆ. ಹುಡುಕುತ್ತ ಹುಡುಕುತ್ತ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಇಪ್ಪತ್ತೆಂಟು ವರ್ಷಗಳ ಹಿಂದೆ ಖಾನಾಪುರದಲ್ಲಿ ಇನ್ನೊಬ್ಬಳು ನನಗಾಗಿ ಹೀಗೆಯೇ ಒಂದು ಮೊಳೆ ಹುಡುಕಿದ್ದಳು. ಹೊಸ ಕಡಾಯಿಯನ್ನು ಡಬ್ಬದಿಂದ ಹೊರಗೇ ತೆಗೆಯದೆ ಅಟ್ಟದ ಮೇಲೆ ಒಗೆದೆ. ಅತ್ತೆ ಕಡಲೆಹಿಟ್ಟಿನ ಜುಣಕ ತಿರುವುತ್ತಿದ್ದ ದಿನಬಳಕೆಯ ಕಡಾಯಿಯನ್ನೇ ಒಲೆಯ ಮೇಲಿಟ್ಟೆ.

ಇದೆಲ್ಲ ಶುರುವಾದದ್ದು ಫೋನಿನಿಂದ. ನಿವೃತ್ತಳಾದ ಮೇಲೆ ನನಗೂ ಎಲ್ಲರಂತೆ ಅಡುಗೆಯ ವಿಡಿಯೋ ನೋಡುವ ಚಟ ಹತ್ತಿದೆ. ಮಾಡುವುದು ಅದೇ ರೊಟ್ಟಿ, ಅದೇ ಬದನೆಕಾಯಿ. ನೋಡುವುದು ಮಾತ್ರ ಲೋಕದ ಅಡುಗೆ. ಒಂದು ಮಧ್ಯಾಹ್ನ ಬಿಳಿ ಕಟ್ಟೆಯ ಹಿಂದೆ ನಿಂತ ಹುಡುಗಿಯೊಬ್ಬಳು, ಇದು ಮೆಡಿಟರೇನಿಯನ್ ಕಡೆಯ ಅಡುಗೆ, ಹೆಸರು ಶಕ್ಶುಕಾ ಅಂದಳು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಡಬ್ಬು ಮೆಣಸಿನಕಾಯಿ ಹುರಿದಳು. ಜೀರಿಗೆ, ಖಾರದ ಪುಡಿ ಹಾಕಿದಳು. ಟೊಮೆಟೊ ಹೆಚ್ಚಿ ಸುರಿದು, ಅದು ಕರಗಿ ಗಟ್ಟಿಯಾಗುವವರೆಗೆ ಕುದಿಸಿದಳು. ಆಮೇಲೆ ಸೌಟಿನ ಬೆನ್ನಿನಿಂದ ಅದರಲ್ಲಿ ನಾಲ್ಕು ಗುಂಡಿ ಮಾಡಿದಳು. ಆ ಗುಂಡಿಗಳನ್ನು ಕಂಡದ್ದೇ ನಾನು ಎದ್ದು ಕುಳಿತೆ. ಇದು ಖಾನಾಪುರದ ನಮ್ಮ ಭಾಭಿಯ ಮಸ್ಕತ್ ಪಲ್ಯ. ಆ ಹುಡುಗಿ ಗುಂಡಿಗೊಂದರಂತೆ ಮೊಟ್ಟೆ ಒಡೆದು ಹಾಕಿದಳು. ಭಾಭಿ ನನಗೆ ಹಾಕುತ್ತಿದ್ದದ್ದು ಬೇಯಿಸಿದ ಬಟಾಟೆ.

ಖಾನಾಪುರದ ಶಾಲೆಗೆ ನನಗೆ ಬದಲಿಯಾದಾಗ ಮದುವೆಯಾಗಿ ನಾಲ್ಕು ವರ್ಷ ಆಗಿತ್ತು. ಬೆಳಗಾವಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವ ಶಿಕ್ಷಕರು ಬಹಳ ಮಂದಿ ಇದ್ದರು. ನನಗೆ ಬಸ್ಸೆಂದರೆ ವಾಂತಿ. ಜೊತೆಗೆ, ಇದ್ದದ್ದು ಇದ್ದಂತೆ ಹೇಳುವುದಾದರೆ, ವಾರಕ್ಕೆ ಐದು ದಿನ ಅತ್ತೆಯಿಂದ ರಜೆ ಸಿಗುತ್ತದೆ ಎಂಬ ಆಸೆ. ಒಂದು ಕೋಣೆ ಬಾಡಿಗೆಗೆ ಹಿಡಿದೆ. ಒಂದೇ ಹೆಂಚಿನ ಮನೆಯನ್ನು ನಡುವೆ ಗೋಡೆ ಹಾಕಿ ಎರಡು ಮಾಡಿದ್ದರು, ಆ ಗೋಡೆ ಮಾಡಿನವರೆಗೂ ಹೋಗಿರಲಿಲ್ಲ. ಆಚೆ ಒಗ್ಗರಣೆ ಬಿದ್ದರೆ ಈಚೆ ಸೀನು ಬರುತ್ತಿತ್ತು. ಗೋಡೆಯ ಆಚೆ ಇದ್ದವಳು ಭಾಭಿ. ಓಣಿಯವರೆಲ್ಲ ಆಕೆಯನ್ನು ಹಾಗೇ ಕರೆಯುತ್ತಿದ್ದರು, ಮರಾಠಿ ಮಾತಾಡುವವರೂ ಕೂಡ. ಆಕೆಯ ಗಂಡ ಮಸ್ಕತ್ತಿನಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ, ಎರಡು ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ. ಮನೆಯಲ್ಲಿ ಆಕೆ ಮತ್ತು ಐದು ವರ್ಷದ ಮಗಳು.

ಮೊದಲ ದಿನವೇ ಆಕೆ ಗೋಡೆಯ ಮೇಲಿಂದ ಮಾತಾಡಿಸಿದಳು, ಮುಖ ಕಾಣುವ ಮೊದಲು ದನಿ ಕೇಳಿತು. ಸಾಮಾನು ಇಳಿಸಿ ಸುಸ್ತಾಗಿದ್ದೀರಿ, ಇವತ್ತು ನಮ್ಮಲ್ಲೇ ಉಣ್ಣಿರಿ ಅಂದಳು. ಆಮೇಲೆ ಸ್ವಲ್ಪ ತಡೆದು ಕೇಳಿದಳು.

"ಅಕ್ಕೋರ, ನೀವು ತತ್ತಿ ತಿಂತೀರೇನ್ರಿ?"

"ನಮ್ಮಲ್ಲಿ ನಡಿಯೂದಿಲ್ಲರಿ," ಅಂದೆ.

ಅಕ್ಕೋರು ಅಂದರೆ ನಮ್ಮ ಕಡೆ ಶಾಲೆ ಕಲಿಸುವ ಹೆಂಗಸು. ಅಕ್ಕೋರು ಮೊದಲ ದಿನವೇ ಸುಳ್ಳು ಹೇಳಿದರು. ಧಾರವಾಡದಲ್ಲಿ ಕಾಲೇಜು ಓದುವಾಗ ಹಾಸ್ಟೆಲಿನ ಗೇಟಿನ ಮುಂದಿನ ಗಾಡಿಯಲ್ಲಿ ನಾನು ಕಲಿತ ಮೊದಲ ಪಾಠ ಆಮ್ಲೆಟ್. ಮದುವೆಯಾದ ಮೇಲೆ ಗಂಡನೂ ಅದೇ ಗಾಡಿಯ ಭಕ್ತ ಎಂದು ತಿಳಿದು ನಾನು ಪಟ್ಟ ಸಂತೋಷ ಅಷ್ಟಿಷ್ಟಲ್ಲ. ನಮ್ಮಂಥ ಮನೆಗಳಲ್ಲಿ ಇದಕ್ಕೊಂದು ಪದ್ಧತಿ ಇದೆ. ಕೊರಳಲ್ಲಿ ಲಿಂಗ ಇದ್ದವರ ಅಡುಗೆಮನೆಗೆ ಮೊಟ್ಟೆ ಬರಬಾರದು, ಅಷ್ಟೇ. ಹೊರಗೆ ತಿಂದರೆ ಯಾರೂ ಕೇಳುವುದಿಲ್ಲ, ತಿಂದವರು ಹೇಳುವುದಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ನಾನು ಬೆಳಗಾವಿಗೆ ಬಂದರೆ ಸಂಜೆ ನಾವಿಬ್ಬರೂ ಊರಿನ ಕ್ಯಾಂಪ್ ಭಾಗದಲ್ಲಿ ಒಂದು ಗಾಡಿಯ ಮುಂದೆ ನಿಂತು ಮೊಟ್ಟೆಯ ಬುರ್ಜಿ ತಿನ್ನುತ್ತಿದ್ದೆವು. ಮನೆಗೆ ಬಂದು ಹಿತ್ತಲಲ್ಲಿ ಕೈ ತೊಳೆಯುವಾಗ ಒಳಗಿಂದ ಅತ್ತೆ, "ಸಾಬಾಣ ಹಚ್ಚಿದ್ರಿಲ್ಲೋ?" ಎಂದು ಕೇಳುತ್ತಿದ್ದರು. ಹಚ್ಚಿದೆವು ಅನ್ನುತ್ತಿದ್ದೆವು. ಅಲ್ಲಿಗೆ ವಿಷಯ ಮುಗಿಯಿತು.

ಹಾಗಾದರೆ ಭಾಭಿಗೆ ಯಾಕೆ ಸುಳ್ಳು ಹೇಳಿದೆ? ನಮ್ಮ ಶಾಲೆಗೆ ಬೀಡಿ ಎಂಬ ಊರಿನಿಂದ ಬರುತ್ತಿದ್ದ ಟೀಚರ್ ಒಬ್ಬರು ಅತ್ತೆಗೆ ದೂರದ ಸಂಬಂಧ, ಸುದ್ದಿ ಹೋದೀತು ಎಂಬ ಹೆದರಿಕೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅತ್ತೆಗೇ ಗೊತ್ತಿದ್ದ ಸುದ್ದಿ ಇನ್ನೆಲ್ಲಿಗೆ ಹೋಗಬೇಕು? ನಿಜ ಬೇರೆ. ನಡೆಯುವುದಿಲ್ಲ ಎಂದು ನಾನು ಅಂದಾಗ ಆಕೆ ಗೋಡೆಯ ಆಚೆಯಿಂದಲೇ, ಹೌದಲ್ಲ, ನೀವು ಶರಣರ ಪೈಕಿ, ನನಗೆ ತಿಳಿಯಬೇಕಿತ್ತು, ತಪ್ಪು ತಿಳಿಯಬೇಡಿರಿ ಅಂದಳು. ಆ ದನಿಯಲ್ಲಿದ್ದ ಗೌರವ ನನಗೆ ಹಿತವಾಯಿತು. ಮನೆಯಲ್ಲಿ ಅತ್ತೆಯ ಕೈಕೆಳಗೆ, ಶಾಲೆಯಲ್ಲಿ ಹೆಡ್‌ಮಾಸ್ತರರ ಕೈಕೆಳಗೆ ಇದ್ದವಳಿಗೆ ಒಬ್ಬರಾದರೂ ಹೀಗೆ ಎತ್ತರದಲ್ಲಿ ಕೂರಿಸಿದರೆ ಇಳಿಯಲು ಮನಸ್ಸಾಗುವುದಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದೇ ಕಾರಣ.

ಆ ವಾರವೇ ಆಕೆ ಸಂತೆಯಿಂದ ಒಂದು ಕಬ್ಬಿಣದ ಕಡಾಯಿ ತಂದಳು. ಅದರಲ್ಲಿ ಎಂದೂ ಮಾಂಸ ಬೇಯಿಸುವುದಿಲ್ಲ, ಮೊಟ್ಟೆ ತಾಗಿಸುವುದಿಲ್ಲ ಎಂದು ನನ್ನ ಎದುರಿಗೇ ಮಗಳಿಗೆ ಹೇಳಿದಳು. ಬೇರೆ ಪಾತ್ರೆಗಳ ಜೊತೆ ಇಟ್ಟರೆ ತಾಗೀತು ಎಂದು ಒಂದು ಮೊಳೆ ಹುಡುಕಿ ಕಿಟಕಿಯ ಬಾಜುವಿಗೆ ಹೊಡೆದು ತೂಗುಹಾಕಿದಳು. ತೊಳೆಯಲು ಬೇರೆ ಬೂದಿ, ಬೇರೆ ನಾರು. ಆ ಮನೆಯಲ್ಲಿ ಅದರ ಹೆಸರು ಅಕ್ಕೋರ ಕಡಾಯಿ. ಮಗಳು ಮರೆತು ಅದನ್ನು ಮುಟ್ಟಿದರೆ ಆಕೆ, ಮೊದಲು ಕೈ ತೊಳೆದುಕೊಂಡು ಬಾ ಎಂದು ಕಳಿಸುತ್ತಿದ್ದಳು. ನಾನು ಅದನ್ನು ಕೂತು ನೋಡುತ್ತಿದ್ದೆ.

ಮಸ್ಕತ್ ಪಲ್ಯ ಆಕೆಗೆ ಗಂಡನಿಂದ ಬಂದದ್ದು. ಅವನ ಸಂಗಡ ಕೆಲಸ ಮಾಡುವ ಈಜಿಪ್ತಿನವನೊಬ್ಬ ಕಲಿಸಿದ್ದನಂತೆ. ರಜೆಗೆ ಬಂದಾಗ ಆತ ಅದನ್ನು ಹೆಂಡತಿಗೆ ಕಲಿಸಿ ಹೋಗಿದ್ದ, ನಾನಿಲ್ಲದಾಗ ಇದನ್ನು ಮಾಡಿಕೊಂಡು ಉಣ್ಣು ಎಂದು ಹೇಳಿದ್ದನಂತೆ. ನನಗೆ ಅದನ್ನು ಉಣಿಸಬೇಕೆಂದು ಆಕೆಗೆ ಆಸೆ. ಮೊಟ್ಟೆ ಇಲ್ಲದೆ ಅದು ಬರೀ ಟೊಮೆಟೊ ಗೊಜ್ಜು. ಆಕೆ ಎರಡು ದಿನ ಯೋಚಿಸಿ, ಬಟಾಟೆ ಬೇಯಿಸಿ, ಸಿಪ್ಪೆ ಸುಲಿದು, ಅರ್ಧ ಮಾಡಿ ಆ ಗುಂಡಿಗಳಲ್ಲಿ ಕೂರಿಸಿದಳು. ದೂರದಿಂದ ನೋಡಿದರೆ ಮೊಟ್ಟೆಯಂತೆಯೇ ಕಾಣುತ್ತಿತ್ತು. ರುಚಿಯೂ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಪಾವು ಬ್ರೆಡ್ಡಿನ ತುಂಡಿನಿಂದ ಬಳಿದು ಬಳಿದು ತಿಂದೆ.

ಮೊದಮೊದಲು ಆಕೆ ಎರಡು ಸಲ ಮಾಡುತ್ತಿದ್ದಳು, ನನ್ನದು ಅಕ್ಕೋರ ಕಡಾಯಿಯಲ್ಲಿ, ತಮ್ಮದು ಬೇರೆ. ಆದರೆ ನಾನು ಆಕೆಯ ಮಗಳಿಗೆ ಸಂಜೆ ಅಕ್ಷರ ತಿದ್ದಿಸಲು ಶುರು ಮಾಡಿದೆ. ನಮಗೆ ಮಕ್ಕಳಾಗಲಿಲ್ಲ, ಆ ಕಥೆ ಬೇರೆ. ಆ ಹುಡುಗಿ ಪಾಟಿ ಹಿಡಿದು ನನ್ನ ತೊಡೆಗೆ ಒರಗಿ ಕೂತರೆ ನನಗೆ ಎದ್ದು ಹೋಗಲು ಆಗುತ್ತಿರಲಿಲ್ಲ. ಹೀಗೆ ವಾರದಲ್ಲಿ ಐದು ಸಂಜೆಯ ಊಟ ಅಲ್ಲೇ ಆಯಿತು. ನಾನು ಉಣ್ಣುವಾಗ ಮೊಟ್ಟೆಯ ವಾಸನೆ ಬರಬಾರದೆಂದು ಭಾಭಿ ತಮಗೂ ಬಟಾಟೆಯದೇ ಮಾಡತೊಡಗಿದಳು. ಯಾವಾಗಿನಿಂದ ಎಂದು ನಾನು ಗಮನಿಸಲಿಲ್ಲ. ಗಮನಿಸಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ.

ಯಾಕೆಂದರೆ ಒಂದು ಸಂಜೆ ನನಗೆ ಇವತ್ತಿಗೂ ನೆನಪಿದೆ. ಮೂವರೂ ಕಡಾಯಿಯ ಸುತ್ತ ಕೂತಿದ್ದೆವು. ಹುಡುಗಿ ತನ್ನ ಪಾಲಿನ ಬಟಾಟೆಯನ್ನು ಬೆರಳಿನಿಂದ ಒತ್ತಿ, ತಮ್ಮ ಮನೆಮಾತಿನಲ್ಲಿ, ಅಬ್ಬಾ ಮಾಡುವಂಥದ್ದು ಯಾವಾಗ ಮಾಡುತ್ತೀ ಎಂದು ಕೇಳಿದಳು. ಅಬ್ಬಾ ಮಾಡುವುದರಲ್ಲಿ ಒಳಗೆ ಹಳದಿ ಇರುತ್ತದೆ, ಇದರಲ್ಲಿ ಇಲ್ಲ ಅಂದಳು. ಭಾಭಿ ಮಗಳಿಗೆ ಕನ್ನಡದಲ್ಲೇ ಉತ್ತರ ಕೊಟ್ಟಳು, ನನಗೆ ತಪ್ಪು ತಿಳಿಯಬಾರದೆಂದು ಇರಬೇಕು.

"ಅಕ್ಕೋರ ಉಣ್ಣಾಕತ್ತಾರ. ಸುಮ್ಮನ ಉಣ್ಣು."

ಆಗ ನಾನು ಒಂದೇ ಒಂದು ಮಾತು ಹೇಳಬೇಕಿತ್ತು. ನನಗೂ ಒಂದು ತತ್ತಿ ಒಡೆದು ಹಾಕಿರಿ ಭಾಭಿ, ಅಷ್ಟು ಸಾಕಿತ್ತು. ನಾಲ್ಕು ದಿನ ನಕ್ಕು ಮರೆತುಬಿಡುತ್ತಿದ್ದೆವು. ಎರಡು ದಿನದ ಹಿಂದಷ್ಟೇ ಕ್ಯಾಂಪಿನಲ್ಲಿ ಎರಡು ಪ್ಲೇಟು ಬುರ್ಜಿ ಹೊಡೆದು ಬಂದಿದ್ದ ನಾನು ಇನ್ನೊಂದು ತುಂಡು ಬಟಾಟೆ ಹಾಕಿಸಿಕೊಂಡೆ.

ಇನ್ನೊಂದು ಸಲ ಬಾಯಿ ಬಿಡಲು ಅದಕ್ಕಿಂತ ಸುಲಭದ ಸಂದರ್ಭ ಬಂದಿತ್ತು. ಆಕೆಯ ಗಂಡ ರಜೆಗೆ ಬಂದಿದ್ದ. ಸಂಜೆ ಭಾಭಿ ನನ್ನ ಬಾಗಿಲಿಗೆ ಬಂದು, ಹೇಳಲೋ ಬೇಡವೋ ಎಂಬಂತೆ ಸೆರಗಿನ ತುದಿ ತಿರುವುತ್ತ ನಿಂತಳು. ಇವತ್ತು ಆತನೇ ಒಲೆಯ ಮುಂದೆ ನಿಂತಿದ್ದಾನೆ, ಮೊಟ್ಟೆ ಒಡೆಯುತ್ತಾನೆ, ನಿಮಗೆ ಆಗುವುದಿಲ್ಲ, ನಾಳೆ ಬನ್ನಿರಿ ಅಂದಳು. ಮುಖ ಕೆಂಪಾಗಿತ್ತು, ತನ್ನ ಮನೆಯಲ್ಲಿ ತನ್ನ ಗಂಡ ಅಡುಗೆ ಮಾಡುವುದಕ್ಕೆ ನನ್ನ ಕ್ಷಮೆ ಕೇಳುತ್ತಿದ್ದಳು. ನಾನು ದೊಡ್ಡ ಮನಸ್ಸಿನವಳಂತೆ, ಇರಲಿ ಬಿಡಿರಿ ಅಂದೆ. ಆ ರಾತ್ರಿ ಗೋಡೆಯ ಮೇಲಿನಿಂದ ಹುರಿದ ಮೆಣಸಿನಕಾಯಿಯ ವಾಸನೆ, ಆಮೇಲೆ ಮೊಟ್ಟೆಯ ವಾಸನೆ, ಹುಡುಗಿಯ ನಗು ಎಲ್ಲ ಬಂದವು. ಬಾಯಲ್ಲಿ ನೀರೂರಿಸಿಕೊಂಡು ಮೊಸರನ್ನ ಉಂಡು ಮಲಗಿದೆ. ನನಗೆ ತಕ್ಕ ಶಾಸ್ತಿ ಎಂದು ಈಗ ಅನಿಸುತ್ತದೆ. ಆಗ ಅನಿಸಿದ್ದು, ಪಾಪ ಭಾಭಿ ನನ್ನನ್ನು ಎಷ್ಟು ಗೌರವಿಸುತ್ತಾಳೆ ಎಂದು.

ಹೀಗೆ ಏಳು ವರ್ಷ ಕಳೆಯಿತು. ಬೆಳಗಾವಿಗೆ ಬದಲಿಯಾಗಿ ಸಾಮಾನು ಕಟ್ಟಿದ ದಿನ ಹುಡುಗಿ ಅತ್ತಳು, ನಾನೂ ಅತ್ತೆ. ಭಾಭಿ ಅಳಲಿಲ್ಲ. ಕಡಾಯಿ ಇಲ್ಲೇ ಇರುತ್ತದೆ, ಯಾವಾಗ ಬಂದರೂ ಅದು ನಿಮ್ಮದು ಅಂದಳು. ಆಮೇಲೆ ನಾನು ಹೋದದ್ದು ಎಷ್ಟು ಸಲ? ನಾಲ್ಕು, ಹೆಚ್ಚೆಂದರೆ ಐದು. ಚಹಾ ಕುಡಿದು, ಬಸ್ಸಿನ ನೆಪ ಹೇಳಿ ಎದ್ದೆ. ರಂಜಾನಿಗೆ ನಾನು, ದೀಪಾವಳಿಗೆ ಆಕೆ ಫೋನು ಮಾಡುವುದು ಮಾತ್ರ ಇಲ್ಲಿಯವರೆಗೂ ತಪ್ಪಿಲ್ಲ.

ಅದಕ್ಕೇ ಆ ವಿಡಿಯೋ ನೋಡಿದ ಮೇಲೆ ನಾನು ಒಂದು ನಿರ್ಧಾರ ಮಾಡಿದೆ. ಇದನ್ನು ಮೊಟ್ಟೆ ಹಾಕಿ ನನ್ನ ಕೈಯಿಂದ ಮಾಡಬೇಕು. ಖಾನಾಪುರಕ್ಕೆ ಒಯ್ದು ಭಾಭಿಯ ಎದುರಿಗೆ ಕೂತು, ಆಕೆಯ ಜೊತೆ ಒಂದೇ ಪಾತ್ರೆಯಿಂದ ತಿನ್ನಬೇಕು. ತಿನ್ನುವ ಮೊದಲು ನಿಜ ಹೇಳಬೇಕು. ಆಕೆ ಬೈದರೆ ಬೈಸಿಕೊಳ್ಳಬೇಕು.

ಮೊದಲ ದಿನದ್ದು ಕೆಟ್ಟಿತು. ಟೊಮೆಟೊ ಪೂರ್ತಿ ಕರಗುವ ಮೊದಲೇ ಅವಸರದಿಂದ ಮೊಟ್ಟೆ ಒಡೆದೆ, ನೀರಿನಲ್ಲಿ ಬಿಳಿ ಎಳೆಗಳು ತೇಲಿದವು. ಮುಚ್ಚಳ ಹಾಕಿ ಮರೆತದ್ದರಿಂದ ಹಳದಿ ಕಲ್ಲಾಯಿತು. ಗಂಡ ಎರಡು ಪಾವು ಖಾಲಿ ಮಾಡಿದರು, ಕ್ಯಾಂಪಿನ ಗಾಡಿಯವನಷ್ಟು ಇಲ್ಲ ಅಂದರು. ಮರುದಿನ ಜವಾರಿ ಟೊಮೆಟೊ ತಂದೆ. ಸಣ್ಣ ಉರಿಯಲ್ಲಿ, ಎಣ್ಣೆ ಬದಿಗೆ ಬರುವವರೆಗೂ ಕಾದೆ. ಗುಂಡಿ ಮಾಡಿ ಮೊಟ್ಟೆ ಒಡೆದು, ಮುಚ್ಚಿ, ಬಿಳಿ ಗಟ್ಟಿಯಾದ ಕೂಡಲೇ ಇಳಿಸಿದೆ. ಈ ಸಲ ಹಳದಿ ನಡುಗುತ್ತಿತ್ತು. ಸ್ಟೀಲಿನ ಅಗಲ ಡಬ್ಬಿಗೆ ಒಂದೂ ಒಡೆಯದಂತೆ ಜಾರಿಸಿ, ವಾಂತಿಯ ಗುಳಿಗೆ ನುಂಗಿ, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಖಾನಾಪುರದ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಬಾಯಿಪಾಠ ಮಾಡಿದೆ, ಇನ್‌ಸ್ಪೆಕ್ಷನ್ನಿನ ದಿನ ಮಾಡಿದ ಹಾಗೆ.

ಅದೇ ಮನೆ. ಎರಡೂ ಭಾಗ ಅವರೇ ಕೊಂಡುಕೊಂಡು ನಡುವಿನ ಗೋಡೆ ತೆಗೆದಿದ್ದಾರೆ. ಗಂಡ ಮಸ್ಕತ್ ಬಿಟ್ಟು ಬಂದು ಹತ್ತು ವರ್ಷವಾಗಿದೆ, ಆಗ ಬಜಾರಕ್ಕೆ ಹೋಗಿದ್ದ. ಮಗಳು ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಾಳೆ. ಭಾಭಿಗೆ ಮೊಣಕಾಲು ನೋವು, ಕುರ್ಚಿ ಬಿಟ್ಟು ಏಳುವುದು ಕಷ್ಟ. ಆದರೂ ನನ್ನನ್ನು ಕಂಡು ಎದ್ದು ನಿಂತಳು. ಅಡುಗೆಮನೆಯಲ್ಲೇ ಕೂತೆವು. ಕಿಟಕಿಯ ಬಾಜು ಮೊಳೆಯ ಮೇಲೆ ಕಡಾಯಿ ಇತ್ತು, ಎಣ್ಣೆ ಸವರಿ ಇಟ್ಟದ್ದಕ್ಕೆ ತುಕ್ಕು ಹಿಡಿದಿರಲಿಲ್ಲ.

ನಾನು ಡಬ್ಬಿಯ ಮುಚ್ಚಳ ತೆಗೆದೆ. ಬಾಯಿಪಾಠ ಮಾಡಿದ್ದು ಯಾವುದೂ ನೆನಪಾಗಲಿಲ್ಲ.

"ಭಾಭಿ, ನಾ ತತ್ತಿ ತಿಂತೀನ್ರಿ. ಕಾಲೇಜಿನ್ಯಾಗ ಇದ್ದಾಗಿಂದ ತಿಂತೀನಿ. ಇಲ್ಲಿ ಇದ್ದಾಗೂ, ಬೆಳಗಾವಿಗೆ ಹೋದಾಗೆಲ್ಲಾ ತಿಂದ ಬರ್ತಿದ್ದೆ. ನಿಮಗ ಸುಳ್ಳ ಹೇಳಿದ್ದೆ."

ಆಕೆ ಡಬ್ಬಿಯನ್ನು ನೋಡಿದಳು. ಸೆರಗು ಎತ್ತಿ ಮೂಗು, ಬಾಯಿ ಮುಚ್ಚಿಕೊಂಡಳು. ಅಳುತ್ತಾಳೆ ಎಂದು ನಾನು ತಿಳಿದೆ. ಎದ್ದು ಹೋಗಿ ಆಕೆಯ ಮೊಣಕಾಲು ಹಿಡಿದುಕೊಂಡೆ. ಆಕೆ ಕೈಯಾಡಿಸಿ ಬೇಡ ಅಂದಳು, ಸೆರಗು ಮಾತ್ರ ಇಳಿಸಲಿಲ್ಲ.

"ಏಳು ವರ್ಷ ಏನೂ ಅನಲಿಲ್ಲಲ್ಲ ಅಕ್ಕೋರ," ಅಂದಳು. "ಸಿಟ್ಟ ಇಲ್ರಿ ನನಗ. ವಾಸನಿ ತಡೀವಲ್ದು."

ಆಮೇಲೆ ಆಕೆ ಹೇಳಿದ್ದನ್ನು ನಾನು ತಲೆ ತಗ್ಗಿಸಿ ಕೇಳಿದೆ. ಗಂಡ ರಜೆಗೆ ಬಂದಾಗಿನ ಒಂದೆರಡು ದಿನ ಬಿಟ್ಟರೆ ನಾನು ಇದ್ದಷ್ಟು ವರ್ಷ ಮಾಡದ್ದಕ್ಕೆ ಆಕೆಗೆ ಮೊಟ್ಟೆಯ ರೂಢಿಯೇ ತಪ್ಪಿತಂತೆ. ನಾನು ಹೋದ ಮೇಲೆ ಒಮ್ಮೆ ಮಾಡಲು ಹೋದರೆ ವಾಂತಿಯಾಯಿತಂತೆ. ಮಗಳಿಗೂ ಹಾಗೆಯೇ, ಗಂಡನ ಮನೆಯಲ್ಲಿ, ನೀನೇನು ಶರಣರ ಪೈಕಿಯವಳೇ ಎಂದು ಅವಳನ್ನು ನೋಡಿ ನಗಾಡುತ್ತಾರಂತೆ. ಭಾಭಿಯ ಗಂಡನಿಗೆ ತಿನ್ನಬೇಕು ಅನಿಸಿದರೆ ಹಿತ್ತಲಲ್ಲಿ ಆತನಿಗೊಂದು ಬೇರೆ ಒಲೆ ಇದೆ, ಬೇರೆ ಕಡಾಯಿ ಇದೆ. ಈಜಿಪ್ತಿನವನಿಂದ ಕಲಿತ ಅಡುಗೆಯನ್ನು ಆತ ಅಲ್ಲಿ ಒಬ್ಬನೇ ಕೂತು ಮಾಡಿ, ಅಲ್ಲೇ ತಿಂದು, ಅಲ್ಲೇ ಪಾತ್ರೆ ತೊಳೆದಿಟ್ಟು ಒಳಗೆ ಬರುತ್ತಾನೆ. ಇದನ್ನು ಆಕೆ ದೂರಿನ ದನಿಯಲ್ಲಿ ಹೇಳಲಿಲ್ಲ. ಮನೆಯ ಪದ್ಧತಿ ಹೇಳುವ ಹಾಗೆ ಹೇಳಿದಳು.

ತಪ್ಪಾಯಿತು ಅಂದೆ. ಆ ಮಾತು ಬಹಳ ಸಣ್ಣದಾಯಿತು.

ಭಾಭಿ ಕುರ್ಚಿಯ ಕೈ ಹಿಡಿದು ಎದ್ದಳು. ಕಿಟಕಿಯ ಕಡೆ ಹೋಗಿ ಮೊಳೆಯಿಂದ ಕಡಾಯಿ ಇಳಿಸಿದಳು. ಒಳಗೆ ಒಂದು ಸಲ ಸೆರಗಿನಿಂದ ಒರೆಸಿ ಒಲೆಯ ಮೇಲಿಟ್ಟು, ಬುಟ್ಟಿಯಿಂದ ನಾಲ್ಕು ಬಟಾಟೆ ಆರಿಸಿದಳು.

"ಆ ಡಬ್ಬಿ ಹಿತ್ತಲದಾಗ ಇವರ ಒಲಿ ಹತ್ರ ಇಟ್ಟ ಬರ್ರಿ ಅಕ್ಕೋರ. ಕೈ ತೊಳಕೊಂಡ ಬರ್ರಿ. ಉಂಡ ಹೋಗೂರಂತ."

ಡಬ್ಬಿಗೆ ಮುಚ್ಚಳ ಹಾಕಿಕೊಂಡು ಹಿತ್ತಲಿಗೆ ಹೋದೆ. ಪೇರಲ ಗಿಡದ ಕೆಳಗೆ ಮೂರು ಕಲ್ಲಿನ ಒಲೆ, ಗೋಡೆಯ ಮೊಳೆಗೆ ಒಂದು ಮಸಿ ಹಿಡಿದ ಕಡಾಯಿ. ಅದರ ಕೆಳಗೆ ನನ್ನ ಡಬ್ಬಿ ಇಟ್ಟೆ. ನಲ್ಲಿಯ ಹತ್ತಿರ ಕೂತು ಕೈ ತೊಳೆದೆ. ನೀರಿನ ಸದ್ದು ನಿಂತದ್ದು ಒಳಗೆ ಕೇಳಿಸಿರಬೇಕು.

"ಸಾಬಾಣ ಹಚ್ಚಿದ್ರಿಲ್ಲೋ?" ಎಂದು ಭಾಭಿ ಕೇಳಿದಳು.

ಹಚ್ಚಿರಲಿಲ್ಲ. ಮತ್ತೆ ನಲ್ಲಿ ತಿರುವಿ, ಸಾಬೂನು ಹಚ್ಚಿ ತೊಳೆದುಕೊಂಡು ಒಳಗೆ ಹೋದೆ.